ಊರಿಗೆ ಹೋಗದ ಎಂಜಿನ್

ಅರಕಲಗೂಡಿಗೆ ರೈಲಿಲ್ಲ. ಹಾಸನ ಜಿಲ್ಲೆಯ ಭೂಪಟವನ್ನು ಬಿಡಿಸಿ ನೋಡಿದರೆ, ಉತ್ತರದ ಅರಸೀಕೆರೆಯಿಂದ ಇಳಿದು ಬಂದ ಹಳಿಯು ಹಾಸನದಲ್ಲಿ ಕವಲೊಡೆದು, ಒಂದು ಕವಲು ಹೊಳೆನರಸೀಪುರದ ಮೇಲೆ ಮೈಸೂರಿಗೂ, ಇನ್ನೊಂದು ಸಕಲೇಶಪುರದ ಘಟ್ಟವಿಳಿದು ಮಂಗಳೂರಿಗೂ, ಬಹಳ ತಡವಾಗಿ ಹುಟ್ಟಿದ ಮೂರನೆಯದು ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮೇಲೆ ಬೆಂಗಳೂರಿಗೂ ಹೋಗುವುದನ್ನು ಕಾಣಬಹುದು. ಈ ಕವಲುಗಳ ನಡುವಿನ ಸಂದಿಯಲ್ಲಿ ಅರಕಲಗೂಡು ತನ್ನ ಹೊಗೆಸೊಪ್ಪು ಆಲೂಗಡ್ಡೆಗಳೊಡನೆ ನಿಶ್ಚಿಂತವಾಗಿ ಕುಳಿತಿದೆ. ಆದುದರಿಂದ ಆ ಸೀಮೆಯವರಾದ ನಮಗೆ ರೈಲೆಂಬುದು ಯಾವಾಗಲೂ ಬಸ್ಸಿನಿಂದಾಚೆಗಿನ ವಸ್ತು. ಬಸ್ಸಿನ ವೇಳೆಗೂ ರೈಲಿನ ವೇಳೆಗೂ ಎಂದೂ ತಾಳೆಯಾಗದು. ಎರಡು ಗಂಟೆ ಮುಂಚಿತವಾಗಿ ನಿಲ್ದಾಣವನ್ನು ಸೇರಿ, ಟ್ರಂಕಿನ ಮೇಲೆ ಕುಳಿತು ಕಾಯುವುದು ನಮ್ಮ ಪ್ರಯಾಣದ ಮೊದಲನೆಯ ಅಂಕ. ಊರಿನೊಳಗೇ ನಿಲ್ದಾಣವುಳ್ಳವರು ಗಾಡಿ ಬರುವ ಹೊತ್ತಿಗೆ ಸರಿಯಾಗಿ ಬಂದು ಗಾಡಿಯನ್ನು ಮಾತ್ರ ನೋಡುತ್ತಾರೆ. ಗಾಡಿಗಳ ನಡುವಣ ಬರಿಯ ಹೊತ್ತಿನಲ್ಲಿ ನಿಲ್ದಾಣದೊಳಗೆ ಏನು ನಡೆಯುತ್ತದೆಂಬುದನ್ನು ನೋಡಿದವರು ನಾವು.

ಹಾಗೆ ನೋಡಿದ ಒಂದು ದೃಶ್ಯ, 1980ರ ಆಸುಪಾಸಿನದು, ಇಂದಿಗೂ ಕಣ್ಣಿಗೆ ಕಟ್ಟಿದೆ. ಹಾಸನದಲ್ಲಿ ಆಗಿನ್ನೂ ಮೀಟರ್ ಗೇಜಿನ ಕಿರಿದಾದ ಹಳಿ. ಮೈಸೂರು ಕಡೆಯ ಗಾಡಿಗಳನ್ನು ಉಗಿಯ ಎಂಜಿನ್ನುಗಳು ನಿಟ್ಟುಸಿರಿಡುತ್ತ ಎಳೆಯುತ್ತಿದ್ದ ಕಾಲದಲ್ಲಿ, ಮಂಗಳೂರಿನ ಹೊಸದಾರಿಯ ನಿಮಿತ್ತವಾಗಿ ಡೀಸೆಲ್ ಎಂಜಿನ್ನುಗಳೂ ಅಲ್ಲಿ ಕಾಣಿಸಿಕೊಳ್ಳತೊಡಗಿದ್ದವು. ಅಂಥದೊಂದು ಎಂಜಿನ್, ಅಂದು ಷಂಟಿಂಗ್ ಕೆಲಸಕ್ಕೆ ನಿಯೋಜಿತವಾದದ್ದು, ಪ್ಲಾಟ್‌ಫಾರಮ್ಮಿನ ತುದಿಯಾಚೆ ನಾಲ್ಕು ವ್ಯಾಗನ್ನುಗಳನ್ನು ಹಿಂದಕ್ಕೂ ಮುಂದಕ್ಕೂ ತಳ್ಳಾಡುತ್ತಿತ್ತು. ಹತ್ತಿರ ಹೋದ ನನ್ನನ್ನು, ಖಾಕಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿದ್ದ ಪಾಯಿಂಟ್ಸ್‌ಮನ್ನರೊಬ್ಬರು ತಡೆದರು. “ಅತ್ಲಾಗಿ ನಿಂತ್ಕಳಪ್ಪ, ಹಳಿ ಹತ್ರ ಬರಬ್ಯಾಡ. ಎಂಜಿನ್ ಆ ಕಡೆ ಗುರುಗುಟ್ತಾ ಇರ್ತದೆ, ಡಬ್ಬಿ ಈ ಕಡೆ ಸುಮ್ಕೆ ಬಂದ್ಬಿಡ್ತದೆ” ಎಂದರು. ನಾನು ಕೇಳಿದೆ: “ಇದು ಯಾವೂರಿಗೆ ಹೋಗ್ತದಣ್ಣ?” ಅವರು ಹಸಿರು ಬಾವುಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಕ್ಕರು. “ಇದ್ಯಾವೂರ್ಗೂ ಹೋಗಾಕಿಲ್ಲ ಕಣಪ್ಪ. ಇಲ್ಲೇ ಹಿಂದಕ್ಕೂ ಮುಂದಕ್ಕೂ.”

ಈ ಹಿಂದಕ್ಕೂ ಮುಂದಕ್ಕೂ ಎಂಬುದೇ ಷಂಟಿಂಗ್. ಒಂದು ಗಾಡಿಯು ಪ್ಲಾಟ್‌ಫಾರಮ್ಮಿಗೆ ಬಂದು ನಿಲ್ಲುವ ಮುನ್ನ ಅದನ್ನು ಯಾರೋ ಜೋಡಿಸಿರಬೇಕು. ಬೋಗಿಗಳನ್ನು ತೊಳೆಯುವ ಹಳಿಯಿಂದ ತಂದಿರಬೇಕು. ಕೆಟ್ಟದ್ದನ್ನು ನಡುವಿನಿಂದ ಕಿತ್ತು ಒಳ್ಳೆಯದನ್ನು ಅಲ್ಲಿ ಸೇರಿಸಿರಬೇಕು. ಅಂತೆಯೇ ಗೊಬ್ಬರ ತುಂಬಿದ ವ್ಯಾಗನ್ನುಗಳನ್ನು ಗೂಡ್ಸ್ ಷೆಡ್ಡಿನ ಬಾಗಿಲಿಗೆ ಸರಿಯಾಗಿ ಒಡ್ಡಬೇಕು, ಖಾಲಿಯಾದವನ್ನು ಮತ್ತೆ ಕಟ್ಟಿ ತರಬೇಕು. ಪ್ರಯಾಣಿಕನಿಗೆ ಕಾಣುವುದು ಊಟದೆಲೆ ಮಾತ್ರ. ಇದು ಅಡಿಗೆಮನೆಯ ಕೆಲಸ. ಹೊಳೆನರಸೀಪುರ, ಮಾವಿನಕೆರೆ, ಮಂದಗೆರೆಗಳಂಥ ದಾರಿಯ ನಿಲ್ದಾಣಗಳಲ್ಲಿ ಇದಕ್ಕೆಂದೇ ಬೇರೆ ಎಂಜಿನ್ ಇಡುವುದು ದುಂದಾದ್ದರಿಂದ, ಗೂಡ್ಸ್ ಗಾಡಿಯನ್ನು ಎಳೆದು ತಂದ ಎಂಜಿನ್ನೇ ಕಳಚಿಕೊಂಡು, ಒಂದೆರಡು ವ್ಯಾಗನ್ನುಗಳನ್ನು ಪಕ್ಕದ ಹಳಿಗೆ ಬಿಟ್ಟು, ಮತ್ತೆ ಬಂದು ನೊಗಕ್ಕೆ ಕೊರಳು ಕೊಡುತ್ತಿತ್ತು. ದೊಡ್ಡ ನಿಲ್ದಾಣಗಳಲ್ಲಾದರೋ ಹಗಲೂ ರಾತ್ರಿ ಇದೊಂದೇ ಕೆಲಸ ಮಾಡುವ ಎಂಜಿನ್ನುಗಳ ಬೇರೊಂದು ಜಾತಿಯೇ ಇರಬೇಕಾಯಿತು.

ಭಾರತೀಯ ರೈಲ್ವೆಯಲ್ಲಿ ಎಂಜಿನ್ನಿನ ಜಾತಿಯನ್ನು ಅದರ ಮೈಮೇಲೆಯೇ ಬರೆದಿರುತ್ತಾರೆ. ಮೊದಲಕ್ಷರ ಹಳಿಯ ಅಗಲವನ್ನು ಹೇಳುತ್ತದೆ: ಡಬ್ಲ್ಯು ಎಂದರೆ 1,676 ಮಿಲಿಮೀಟರಿನ ಬ್ರಾಡ್ ಗೇಜ್, ವೈ ಎಂದರೆ 1,000 ಮಿಲಿಮೀಟರಿನ ಮೀಟರ್ ಗೇಜ್. ಎರಡನೆಯ ಅಕ್ಷರ ಡಿ ಆದರೆ ಡೀಸೆಲ್. ಮೂರನೆಯದು ವೃತ್ತಿ: ಎಮ್ ಎಂದರೆ ಪ್ರಯಾಣಿಕರ ಗಾಡಿಗೂ ಸರಕಿಗೂ ಸಲ್ಲುವ ಮಿಶ್ರ ಸೇವೆ, ಎಸ್ ಎಂದರೆ ಷಂಟಿಂಗ್. ನಾನು ಹಾಸನದಲ್ಲಿ ಕಂಡದ್ದು ವೈಡಿಎಂ-4. ನಾನು ಹೇಳಹೊರಟಿರುವ ಜಾತಿ ಡಬ್ಲ್ಯುಡಿಎಸ್-6. ಒಂದು ಕಿರಿಯ ಹಳಿಯದು, ಇನ್ನೊಂದು ಹಿರಿಯ ಹಳಿಯದು. ಆದರೂ ಇವೆರಡೂ ಒಡಹುಟ್ಟಿದವು ಎಂಬುದನ್ನು ಬಹುಮಂದಿ ಅರಿಯರು.

ಈ ಒಡಹುಟ್ಟಿಗೆ ಕಾರಣ ಅವುಗಳ ಹೃದಯ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿಯೆಂಬ ಊರಿನಲ್ಲಿ ಆಲ್ಕೊ ಎಂಬ ಹಳೆಯ ಎಂಜಿನ್ ಕಾರ್ಖಾನೆಯಿತ್ತು. ಅದು ರೂಪಿಸಿದ 251 ಎಂಬ ಮಾದರಿಯ ಡೀಸೆಲ್ ಯಂತ್ರವನ್ನು ತಯಾರಿಸುವ ಹಕ್ಕನ್ನು ಭಾರತವು ಪಡೆದು, ವಾರಾಣಸಿಯಲ್ಲಿ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಸ್ಥಾಪಿಸಿತು. ಅಲ್ಲಿಂದ ಹೊರಬಂದ ಮೊದಲ ಎಂಜಿನ್ನನ್ನು 1964ರ ಜನವರಿ 3ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ದೇಶಕ್ಕೆ ಅರ್ಪಿಸಿದರು. ಅದೃಷ್ಟದ ವಿಪರ್ಯಾಸವೆಂದರೆ, ಮೂಲದ ಆಲ್ಕೊ ಕಂಪನಿ 1969ರಲ್ಲಿ ಬಾಗಿಲು ಮುಚ್ಚಿತು. ಅದರ ಸಂತತಿ ಮಾತ್ರ ಗಂಗಾತೀರದಲ್ಲಿ ದಶಕಗಳ ಕಾಲ ಬೆಳೆಯಿತು. ಹದಿನಾರು ಸಿಲಿಂಡರುಗಳನ್ನು ಎರಡು ಸಾಲಾಗಿ ಜೋಡಿಸಿದರೆ ಅದು 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ಎಂಬ ಸುಪ್ರಸಿದ್ಧ ದೂರಗಾಮಿ ಎಂಜಿನ್ನಾಯಿತು. ಅವೇ ಸಿಲಿಂಡರುಗಳಲ್ಲಿ ಆರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸುಮಾರು 1,350 ಅಶ್ವಶಕ್ತಿಯ ಯಂತ್ರ. ಅದನ್ನು ಮೀಟರ್ ಗೇಜಿನ ಗಾಲಿಗಳ ಮೇಲೆ ಕೂರಿಸಿದರೆ ವೈಡಿಎಂ-4, ಬ್ರಾಡ್ ಗೇಜಿನ ಮೇಲೆ ಕೂರಿಸಿದರೆ ಡಬ್ಲ್ಯುಡಿಎಸ್-6. ಆದುದರಿಂದಲೇ, ಹಾಸನದ ಹಳೆಯ ಯಾರ್ಡಿನಲ್ಲಿ ಕಿವಿ ತೆರೆದ ನನ್ನಂಥವನಿಗೆ ಎಷ್ಟೋ ವರ್ಷಗಳ ಮೇಲೆ ದೊಡ್ಡ ಪಟ್ಟಣದ ನಿಲ್ದಾಣದಲ್ಲಿ ಷಂಟಿಂಗ್ ಎಂಜಿನ್ನಿನ ಸದ್ದು ಕೇಳಿದಾಗ, ಮರೆತ ನೆಂಟನೊಬ್ಬನು ಜಾತ್ರೆಯಲ್ಲಿ ಹೆಸರು ಹಿಡಿದು ಕೂಗಿದಂತಾಯಿತು. ನಿಂತಲ್ಲೇ ನಿಂತು, ಒಂದು ಬಡಿತ ತಪ್ಪಿತೋ ಎಂಬಂತೆ ತಡವರಿಸಿ ತಡವರಿಸಿ ಗುಡುಗುಡಿಸುವ ಆ ಧ್ವನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಷಂಟಿಂಗಿಗೆ ಡೀಸೆಲ್ ಬಂದದ್ದು ಡಬ್ಲ್ಯುಡಿಎಸ್-6ಕ್ಕಿಂತ ಹಿಂದೆಯೇ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪುಟ್ಟ ಎಂಜಿನ್ನುಗಳು ಬಂದವು; ಐವತ್ತರ ದಶಕದಲ್ಲಿ ಜರ್ಮನಿಯ ಕ್ರೌಸ್-ಮಫಾಯ್ ಕಂಪನಿಯವು. ಆಮೇಲೆ ಉಗಿ ಎಂಜಿನ್ನುಗಳ ತವರಾದ ಚಿತ್ತರಂಜನ್ ಕಾರ್ಖಾನೆಯು ಅರವತ್ತರ ದಶಕದ ಕೊನೆಗೆ ಡಬ್ಲ್ಯುಡಿಎಸ್-4 ಎಂಬುದನ್ನು ನಿರ್ಮಿಸಿತು. ಇದರ ವಿಷಯವಾಗಿ ಎರಡು ಮಾತು ಹೇಳದಿರಲಾರೆ. ಮೂರೇ ಜೊತೆ ಗಾಲಿಗಳ, ಸುಮಾರು 60 ಟನ್ನಿನ ಈ ಎಂಜಿನ್ನಿನ ಗಾಲಿಗಳನ್ನು ಉಗಿ ಎಂಜಿನ್ನಿನಲ್ಲಿ ಇರುವಂತೆಯೇ ಕಬ್ಬಿಣದ ತೋಳುಗಳು ಒಂದಕ್ಕೊಂದು ಹೆಣೆದಿದ್ದವು. ಯಂತ್ರದ ಶಕ್ತಿಯನ್ನು ಗಾಲಿಗೆ ಮುಟ್ಟಿಸುವ ವ್ಯವಸ್ಥೆಯಾದರೋ ನಮ್ಮವರೇ ಆದ ಎಂ. ಎಂ. ಸೂರಿ ಎಂಬ ಎಂಜಿನಿಯರರು ಕಂಡುಹಿಡಿದದ್ದು. ಅದರಲ್ಲಿ ಎರಡು ನಡಿಗೆ: ಯಾರ್ಡಿನಲ್ಲಿ ಗಂಟೆಗೆ 27 ಕಿಲೋಮೀಟರಿನವರೆಗೆ ಒಂದು, ಹೊರದಾರಿಯಲ್ಲಿ 65ರವರೆಗೆ ಇನ್ನೊಂದು. ಹೊಟ್ಟೆಯಲ್ಲಿ ಡೀಸೆಲ್, ಕಾಲಿನಲ್ಲಿ ಉಗಿಬಂಡಿ! ಎರಡು ಯುಗಗಳ ಸಂಧಿಯಲ್ಲಿ ಹುಟ್ಟಿದ ವಸ್ತುಗಳಿಗೆ ಇಂಥ ಚೆಲುವು ತಾನಾಗಿ ಬರುತ್ತದೆ.

ಆದರೆ ವ್ಯಾಗನ್ನುಗಳು ದೊಡ್ಡವಾದವು, ಗಾಡಿಗಳು ಉದ್ದವಾದವು. ಆಗ ವಾರಾಣಸಿಯು 1975ರ ಸುಮಾರಿಗೆ ಡಬ್ಲ್ಯುಡಿಎಸ್-6ನ್ನು ಹೊರತಂದಿತು. ಇದರ ವಿಚಾರದಲ್ಲಿ ಓದುಗರು ಗಮನಿಸತಕ್ಕ ಸಂಗತಿಯೊಂದಿದೆ. ದೂರ ಓಡುವ ಡಬ್ಲ್ಯುಡಿಎಂ-2ರ ತೂಕ ಸುಮಾರು 113 ಟನ್. ಶಕ್ತಿಯಲ್ಲಿ ಅದರ ಅರ್ಧದಷ್ಟೇ ಇರುವ ಡಬ್ಲ್ಯುಡಿಎಸ್-6ರ ತೂಕ 126 ಟನ್. ಅರ್ಧ ಶಕ್ತಿಯವನಿಗೆ ಹೆಚ್ಚು ಭಾರವೇತಕ್ಕೆ? ಕಬ್ಬಿಣ ಅಗ್ಗವಾಗಿತ್ತೆಂದಲ್ಲ. ರಾಗಿಯ ಕಣದಲ್ಲಿ ರೋಣಗಲ್ಲು ಉರುಳುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ರೋಣಗಲ್ಲಿಗೆ ವೇಗ ಬೇಡ. ತೆನೆಯನ್ನು ಉದುರಿಸುವುದು ಅದರ ಭಾರ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಎಷ್ಟು ಬಲವಾಗಿ ಎಳೆಯಬಲ್ಲದೆಂಬುದು, ನಿಧಾನದ ನಡಿಗೆಯಲ್ಲಿ, ಯಂತ್ರದ ಅಶ್ವಶಕ್ತಿಯನ್ನು ಅವಲಂಬಿಸಿದ್ದಲ್ಲ. ಗಾಲಿಯು ಹಳಿಯನ್ನು ಎಷ್ಟು ಗಟ್ಟಿಯಾಗಿ ಒತ್ತಿ ಹಿಡಿದಿದೆ ಎಂಬುದನ್ನು ಅವಲಂಬಿಸಿದ್ದು. ತೂಕದ ಸುಮಾರು ನಾಲ್ಕನೆಯ ಒಂದು ಪಾಲಿನಷ್ಟು ಬಲದಿಂದ ಎಳೆಯಬಹುದು. ಅದನ್ನು ಮೀರಿದರೆ ಗಾಲಿ ನಿಂತಲ್ಲೇ ತಿರುಗಿ ಜಾರುತ್ತದೆ. ಅಶ್ವಶಕ್ತಿ ಬೇಕಾಗುವುದು ಆ ಎಳೆತವನ್ನು ವೇಗದಲ್ಲಿಯೂ ಉಳಿಸಿಕೊಳ್ಳುವುದಕ್ಕೆ. ಯಾರ್ಡಿನಲ್ಲಿ ವೇಗದ ಮಾತೇ ಇಲ್ಲ: ಷಂಟಿಂಗ್ ಮಾಡುವಾಗ ಗಂಟೆಗೆ 15 ಕಿಲೋಮೀಟರನ್ನು ಮೀರಕೂಡದು, ಪೆಟ್ರೋಲಿನಂಥ ಅಪಾಯದ ಸರಕಾದರೆ 8ನ್ನು ಮೀರಕೂಡದು ಎಂದು ರೈಲ್ವೆಯ ನಿಯಮ. ಜಾತ್ರೆಯ ತೇರು ಹೊರಟಂತೆ ಹೊರಡುವುದೇ ಇಲ್ಲಿಯ ಶಾಸ್ತ್ರ.

ಭಾರದ ಪ್ರಯೋಜನ ಎಳೆಯುವುದರಲ್ಲಿ ಮುಗಿಯುವುದಿಲ್ಲ. ದಾರಿಯ ಗಾಡಿಯಲ್ಲಿ ಎಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಬ್ರೇಕಿನ ಕೊಳವೆ ಹಾಯ್ದಿರುವುದರಿಂದ ಪ್ರತಿಯೊಂದು ಬೋಗಿಯೂ ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಷಂಟಿಂಗಿನಲ್ಲಿ, ಐದು ನಿಮಿಷಕ್ಕೊಮ್ಮೆ ಕಟ್ಟಿ ಕಳಚುವ ವ್ಯಾಗನ್ನುಗಳಿಗೆ ಪ್ರತಿಸಲವೂ ಆ ಕೊಳವೆಯನ್ನು ಜೋಡಿಸುತ್ತ ಕುಳಿತರೆ ಕೆಲಸ ಸಾಗದಾದ್ದರಿಂದ, ಎಷ್ಟೋ ವೇಳೆ ಇಡೀ ಸಾಲನ್ನು ಹಿಡಿದು ನಿಲ್ಲಿಸುವ ಹೊಣೆ ಎಂಜಿನ್ನಿನ ಸ್ವಂತ ಬ್ರೇಕಿನ ಮೇಲೆಯೇ ಬೀಳುತ್ತದೆ. ಎಂಜಿನ್ ಹಗುರವಾದರೆ ವ್ಯಾಗನ್ನುಗಳೇ ಅದನ್ನು ನೂಕಿಕೊಂಡು ಹೋದಾವು. ಹಾಸನದ ಕಡೆ ಮಾಗಿಯ ಬೆಳಗಿನಲ್ಲಿ ಹಳಿಯ ಮೇಲೆ ಇಬ್ಬನಿ ಕುಳಿತಿರುತ್ತದೆ. ಅಂಥ ಹೊತ್ತಿನಲ್ಲಿ ಗಾಲಿಯ ಮುಂದೆ ಒಣ ಮರಳನ್ನು ಸುರಿಯುವ ಡಬ್ಬಗಳು ಎಂಜಿನ್ನಿಗೆ ಇವೆ. ಇಷ್ಟೆಲ್ಲ ವಿದ್ಯುತ್ತು, ಇಷ್ಟೆಲ್ಲ ಉಕ್ಕು, ಕಡೆಗೆ ಹಿಡಿ ಮರಳಿನ ಮೊರೆ ಹೋಗುವುದನ್ನು ನೋಡಿದರೆ ನನಗೆ ಏಕೋ ಸಮಾಧಾನವಾಗುತ್ತದೆ.

ವಿದ್ಯುತ್ತೆಂದೆನಲ್ಲ, ಡೀಸೆಲ್ ಎಂಜಿನ್ನಿನಲ್ಲಿ ವಿದ್ಯುತ್ತೇಕೆ ಎಂದು ಕೇಳಬಹುದು. ಡಬ್ಲ್ಯುಡಿಎಸ್-6ರಲ್ಲಿ ಡೀಸೆಲ್ ಯಂತ್ರವು ಗಾಲಿಯನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ವಿದ್ಯುಜ್ಜನಕವೊಂದನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಆರು ಅಚ್ಚುಗಳಿಗೆ ಒಂದೊಂದರಂತೆ ಜೋಡಿಸಿದ ಆರು ಮೋಟಾರುಗಳಿಗೆ ಹರಿಯುತ್ತದೆ. ನಿಂತ ಭಾರವನ್ನು ಮೊದಲ ಸಲ ಅಲುಗಿಸುವಾಗ ಪೂರ್ಣಬಲವನ್ನು ಕೊಡುವ ಗುಣ ಆ ಮೋಟಾರುಗಳಿಗೆ ಸಹಜವಾದುದು. ಚಾಲಕನ ಕೈಯಲ್ಲಿರುವ ಹಿಡಿಕೆಗೆ ಎಂಟು ಮೆಟ್ಟಿಲು, ನಾಚ್ ಎನ್ನುತ್ತಾರೆ; ಯಾರ್ಡಿನಲ್ಲಿ ಮೊದಲ ಒಂದೆರಡನ್ನು ದಾಟುವುದು ಅಪರೂಪ. ಅವಸರದವನೊಬ್ಬನು ಒಮ್ಮೆಲೇ ಮೇಲಿನ ನಾಚಿಗೆ ಹಾರಿಸಿದನೋ, ಎಣ್ಣೆ ಮುಂದಾಗಿ ಗಾಳಿ ಹಿಂದುಳಿದು, ಅರೆಬೆಂದ ಎಣ್ಣೆಯ ಕರಿಯ ಹೊಗೆ ಆಕಾಶಕ್ಕೆ ಚಿಮ್ಮುತ್ತದೆ. ನಿಲ್ದಾಣದ ಬೇಲಿಯಾಚೆ ಬಟ್ಟೆ ಒಣಹಾಕಿದ ಗೃಹಿಣಿಯರಿಗೆ ಈ ತಾಂತ್ರಿಕ ವಿವರ ಯಾರೂ ಹೇಳದೆಯೇ ಗೊತ್ತು.

ಇಷ್ಟಾಗಿಯೂ, ಷಂಟಿಂಗಿನಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಯಂತ್ರಕ್ಕಿಂತ ಅದರ ಕೆಳಗೆ ನಿಂತ ಮನುಷ್ಯನ ಕೈ. ಚಾಲಕನ ಕೋಣೆ ಎಂಜಿನ್ನಿನ ಒಂದು ತುದಿಯಲ್ಲಿ. ಇನ್ನೊಂದು ತುದಿಯವರೆಗೆ ಯಂತ್ರವನ್ನು ಮುಚ್ಚಿದ ಉದ್ದನೆಯ ಮೂತಿ. ವ್ಯಾಗನ್ನುಗಳನ್ನು ಮುಂದಿಟ್ಟು ತಳ್ಳುವಾಗ ಅವನಿಗೆ ಕೊನೆಯ ವ್ಯಾಗನ್ನು ಎಲ್ಲಿದೆ, ಅದರ ಮುಂದೆ ಏನಿದೆ ಎಂಬುದು ಕಾಣದು. ಅವನ ಕಣ್ಣು ಪಾಯಿಂಟ್ಸ್‌ಮನ್ನನ ಬಾವುಟ. ಹಸಿರು ಬಾವುಟವನ್ನು ಮೈಗಡ್ಡವಾಗಿ ಎಡಕ್ಕೂ ಬಲಕ್ಕೂ ಬೀಸಿದರೆ ‘ನನ್ನ ಕಡೆಗೆ ಬಾ’ ಎಂದು ಅರ್ಥ. ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಆಡಿಸಿದರೆ ‘ನನ್ನಿಂದ ದೂರ ಹೋಗು’. ಇನ್ನು ಜೋಡಿಸುವ ಗಳಿಗೆ. ಒಂದು ಕೈಯಲ್ಲಿ ಬಾವುಟ, ಇನ್ನೊಂದು ಬರಿಗೈ. ಎರಡನ್ನೂ ತಲೆಯ ಮೇಲೆತ್ತಿ ಒಂದಕ್ಕೊಂದನ್ನು ಹತ್ತಿರ ತರುತ್ತ ದೂರ ಸರಿಸುತ್ತ ಅವನು ನಿಂತನೆಂದರೆ, ‘ಇನ್ನು ಮೆಲ್ಲಗೆ, ಕೂಡಿಸುತ್ತಿದ್ದೇನೆ’ ಎಂದು. ರಾತ್ರಿಯಾದರೆ ಬಾವುಟದ ಬದಲು ಹಸಿರು ದೀಪ, ಅದನ್ನು ತಲೆಯ ಮೇಲೆ ಹಿಡಿದು ಮಣಿಕಟ್ಟನ್ನು ತಿರುಗಿಸುವುದು. ಕೆಂಪು ಕಂಡರೆ, ಅಥವಾ ಯಾವುದೂ ಕಾಣದಿದ್ದರೆ, ಎಂಜಿನ್ ನಿಲ್ಲಬೇಕು.

ಹಾಸನದ ಆ ಪಾಯಿಂಟ್ಸ್‌ಮನ್ನರ ಕೈಗಳು ತಲೆಯ ಮೇಲೆ ಹಾಗೆ ಕೂಡಿ ಅಗಲಿ ಕೂಡುತ್ತಿದ್ದುದನ್ನು ನಾನು ಹತ್ತು ಮಾರು ದೂರದಿಂದ ನೋಡಿದೆ. ಎಂಜಿನ್ನಿನ ಗುಡುಗು ಇಳಿಯಿತು; ಗಾಲಿಗಳು ಉರುಳುತ್ತಿವೆಯೋ ನಿಂತಿವೆಯೋ ತಿಳಿಯದಷ್ಟು ನಿಧಾನವಾದವು; ಎರಡು ವ್ಯಾಗನ್ನುಗಳ ನಡುವೆ ಮೊಳದಷ್ಟಿದ್ದ ಬೆಳಕು ಗೇಣಾಗಿ, ಗೇಣು ಬೆರಳಾಗಿ, ಟಣ್ಣೆಂದು ಒಂದೇ ಒಂದು ಸದ್ದು. ಆ ಸದ್ದು ಸಾಲಿನ ಒಂದು ತುದಿಯಿಂದ ಇನ್ನೊಂದಕ್ಕೆ ಕೊಂಡಿಯಿಂದ ಕೊಂಡಿಗೆ ಹರಿದುಹೋಯಿತು. ಅವರು ಬಗ್ಗಿ, ಒಳಹೊಕ್ಕು, ಕೊಂಡಿಯನ್ನು ಭದ್ರಪಡಿಸಿ, ಅಂಗೈಯ ಜಿಡ್ಡನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ಹೊರಬಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವ್ಯಾಗನ್ನಿನೊಳಗೆ ಕಾಫಿ ಲೋಟವಿದ್ದಿದ್ದರೆ ತುಳುಕುತ್ತಿರಲಿಲ್ಲವೆಂದು ಮಾತ್ರ ನಾನು ಬಲ್ಲೆ. ಎರಡು ವಾಹನಗಳ ನಡುವೆ ಹೊಕ್ಕು ಹೊರಬರುವ ಈ ಕೆಲಸ ರೈಲ್ವೆಯ ಅತ್ಯಂತ ಅಪಾಯದ ಕೆಲಸಗಳಲ್ಲಿ ಒಂದೆಂಬುದು ಆ ವಯಸ್ಸಿನಲ್ಲಿ ನನಗೆ ಹೊಳೆದಿರಲಿಲ್ಲ.

ಹಾಸನದ ಆ ಕಿರಿಯ ಹಳಿ ಈಗಿಲ್ಲ. ಮೈಸೂರು-ಅರಸೀಕೆರೆ ದಾರಿಯು ವಿಶ್ವೇಶ್ವರಯ್ಯನವರ ಕಾಲದ ಮೈಸೂರು ಸಂಸ್ಥಾನದ ಸಾಹಸ. ಹಾಸನ-ಮಂಗಳೂರು ದಾರಿಯು 1979ರಲ್ಲಿ ಪೂರ್ತಿಯಾದದ್ದು, ಐವತ್ತಕ್ಕೊಂದರ ಕಡಿದಾದ ಏರಿನಲ್ಲಿ ಐವತ್ತೇಳು ಸುರಂಗಗಳನ್ನು ಹಾಯ್ದು ಹೋಗುವಂಥದು. ತೊಂಬತ್ತರ ದಶಕದಲ್ಲಿ ಇಡೀ ದೇಶದ ಹಳಿಗಳನ್ನು ಒಂದೇ ಅಗಲಕ್ಕೆ ತರುವ ಯೋಜನೆ ಬಂದಾಗ ಇವೆಲ್ಲ ಬ್ರಾಡ್ ಗೇಜಿಗೆ ತಿರುಗಿದವು. ಘಟ್ಟದ ದಾರಿಯಲ್ಲಿ 1996ರಿಂದ ಗಾಡಿ ನಿಂತುಹೋಗಿ, 2006ರಲ್ಲಿ ಸರಕು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರು ಮರಳಿ ಸಂಚರಿಸುವಂತಾಯಿತು. ದೇವೇಗೌಡರು ಪ್ರಧಾನಿಯಾಗಿದ್ದ 1996ರಲ್ಲಿ ಮೊದಲಾದ ಬೆಂಗಳೂರು ದಾರಿಯು ಚನ್ನರಾಯಪಟ್ಟಣದ ಜನಕ್ಕೆ ರಾಜಧಾನಿಯನ್ನು ಮುಟ್ಟಿಸಿದ್ದು 2017ರ ಮಾರ್ಚಿನಲ್ಲಿ. ಇಪ್ಪತ್ತು ವರ್ಷ ಕಾದವರ ತಾಳ್ಮೆಗೆ ಷಂಟಿಂಗ್ ಎಂಜಿನ್ನೂ ತಲೆಬಾಗಬೇಕು. ವೈಡಿಎಂ-4ಗಳು ಹಳಿಯೊಡನೆಯೇ ಹೋದವು.

ಡಬ್ಲ್ಯುಡಿಎಸ್-6ಗಳ ಬದುಕು ಮುಂದುವರಿಯಿತು. ಚೆನ್ನೈನ ತೊಂಡಿಯಾರ್‌ಪೇಟೆಯ ಶೆಡ್ಡಿನಂಥ ಕಡೆಗಳಲ್ಲಿ ಅವು ತಳವೂರಿದವು. ಉಕ್ಕಿನ ಕಾರ್ಖಾನೆಗಳು, ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳು ತಮ್ಮ ಸ್ವಂತ ಹಳಿಗಳಿಗೆಂದು ಇವನ್ನು ಕೊಂಡುಕೊಂಡವು. ಆದರೆ ಅವುಗಳ ಕಸುಬೇ ಮೆಲ್ಲಮೆಲ್ಲನೆ ಕೈಜಾರುತ್ತಿತ್ತು. ಹಿಂದೆ ಒಬ್ಬ ವರ್ತಕನು ಒಂದೇ ವ್ಯಾಗನ್ ಆಲೂಗಡ್ಡೆಯನ್ನು ರೈಲಿಗೆ ಕೊಡಬಹುದಾಗಿತ್ತು. ಊರೂರಿನ ಒಂದೊಂದು ವ್ಯಾಗನ್ನನ್ನು ಆಯ್ದು, ವಿಂಗಡಿಸಿ, ದಿಕ್ಕಿಗೊಂದು ಗಾಡಿಯಾಗಿ ಪೋಣಿಸುವುದೇ ಯಾರ್ಡಿನ ಜೀವನವಾಗಿತ್ತು. ಎಂಬತ್ತರ ದಶಕದಿಂದೀಚೆಗೆ ರೈಲ್ವೆಯು ಬಿಡಿ ವ್ಯಾಗನ್ನನ್ನು ಕೈಬಿಟ್ಟು, ಒಂದೇ ಸರಕಿನ ಇಡೀ ಗಾಡಿಯನ್ನು, ರೇಕು ಎನ್ನುವುದನ್ನು, ಹೊರಟಲ್ಲಿಂದ ತಲುಪುವಲ್ಲಿಗೆ ನೇರವಾಗಿ ಓಡಿಸತೊಡಗಿತು. ವಿಂಗಡಿಸುವುದಕ್ಕೇನೂ ಉಳಿಯಲಿಲ್ಲ. ರೈಲ್ವೆಗೆ ಇದರಿಂದ ಲಾಭವಾಯಿತೆಂಬುದು ನಿಜ. ಸಣ್ಣ ವರ್ತಕನು ಲಾರಿಯ ಪಾಲಾದನೆಂಬುದೂ ನಿಜ. ಅರಕಲಗೂಡಿನ ಆಲೂಗಡ್ಡೆ ಹಾಸನದ ಮಾರುಕಟ್ಟೆಯಿಂದ ಹೊರಡುವುದು ಇಂದು ಹೆದ್ದಾರಿಯಲ್ಲಿ.

ಈಚಿನ ವರ್ಷಗಳಲ್ಲಿ ಹೊಳೆನರಸೀಪುರದ ಹಳಿಯ ಮೇಲೆ ವಿದ್ಯುತ್ ತಂತಿಯೂ ಬಂದಿದೆ. ವಾರಾಣಸಿಯ ಕಾರ್ಖಾನೆಯ ಹೆಸರಿನಿಂದ ‘ಡೀಸೆಲ್’ ಎಂಬ ಶಬ್ದವೇ 2020ರಲ್ಲಿ ಬಿದ್ದುಹೋಯಿತು. ಹಾಗಿದ್ದರೂ ಷಂಟಿಂಗಿನಿಂದ ಡೀಸೆಲನ್ನು ಪೂರ್ತಿಯಾಗಿ ಓಡಿಸುವುದು ಸಾಧ್ಯವಾಗಿಲ್ಲ, ಅದಕ್ಕೆ ಸರಳವಾದ ಕಾರಣವಿದೆ. ಮೂಟೆ ಹೊರುವವರು ವ್ಯಾಗನ್ನಿನ ಮೇಲೇರುವಲ್ಲಿ, ಯಂತ್ರದ ಬೊಗಸೆಯಿಂದ ಅದಿರನ್ನು ಮೇಲಿನಿಂದ ಸುರಿಯುವಲ್ಲಿ, 25,000 ವೋಲ್ಟಿನ ತಂತಿಯನ್ನು ತಲೆಯ ಮೇಲೆ ತೂಗಹಾಕುವಂತಿಲ್ಲ. ಅಲ್ಲಿಗೆ ಹೋಗಲು ತನ್ನ ಹೊಟ್ಟೆಯಲ್ಲೇ ಬೆಂಕಿಯನ್ನು ಹೊತ್ತ ಎಂಜಿನ್ನೇ ಬೇಕು. ಹೀಗಾಗಿ, ಎಕ್ಸ್‌ಪ್ರೆಸ್ ಗಾಡಿಗಳನ್ನೆಳೆದು ವಯಸ್ಸಾದ ದೊಡ್ಡ ಡೀಸೆಲ್ ಎಂಜಿನ್ನುಗಳೂ ಇಂದು ಯಾರ್ಡುಗಳಿಗೆ ಬಂದು ಈ ಸಣ್ಣ ಕೆಲಸಕ್ಕೆ ನಿಂತಿವೆ. ಅವು ಮಾಡುತ್ತವೆ, ಆದರೆ ಒಪ್ಪವಾಗಿ ಮಾಡುವುದಿಲ್ಲ. ಓಡಲೆಂದು ಹುಟ್ಟಿದ್ದಕ್ಕೂ ನಿಧಾನಿಸಲೆಂದು ಹುಟ್ಟಿದ್ದಕ್ಕೂ ವ್ಯತ್ಯಾಸವುಂಟು.

ಮುಂದಿನ ಸಲ ತಾವು ಯಾವುದಾದರೂ ದೊಡ್ಡ ನಿಲ್ದಾಣದಲ್ಲಿ ಗಾಡಿಯೊಳಗೆ ಕುಳಿತಿರುವಾಗ, ಎಂಜಿನ್ ಕಳಚಿ ಇನ್ನೊಂದನ್ನು ಜೋಡಿಸುತ್ತಾರೆಂದು ಯಾರಾದರೂ ಹೇಳಿದರೆ, ಆಗತಾನೆ ಕೊಂಡ ಕಾಫಿಯನ್ನು ತುಟಿಗೆ ತರುವ ಮೊದಲು ಒಂದು ನಿಮಿಷ ಹಾಗೆಯೇ ಹಿಡಿದಿರಿ. ಲೋಟ ತುಳುಕದಿದ್ದರೆ, ಕೆಳಗಿಳಿದು ಆ ತುದಿಯವರೆಗೆ ಹೋಗಿ, ತಲೆಯ ಮೇಲೆ ಕೈಯೆತ್ತಿ ನಿಂತಿದ್ದವನು ಯಾರೆಂದು ನೋಡಿ ಬನ್ನಿ. ಹಳಿಯ ಹತ್ತಿರ ಮಾತ್ರ ಹೋಗಬೇಡಿ.